ಸುಂಯ್ ಅನ್ನೋ ತನಕ: ಮಿಗ್ ವೆಲ್ಡಿಂಗ್ ಮಷೀನನ್ನ ಸ್ಪ್ರೇಗೆ ಸೆಟ್ ಮಾಡಿದ ನನ್ನ ಅನುಭವ

ಕಾರವಾರದಲ್ಲಿ ಬೈತಖೋಲ ಬಂದರಿಂದ ಸ್ವಲ್ಪ ಈಚೆ ನಮ್ದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಉಂಟು. ಬೇಸಿಗೆಯಲ್ಲಿ ಗೇಟು, ಗ್ರಿಲ್ಲು, ಮಾಡಿನ ಶೀಟು, ಮಳೆಗಾಲದಲ್ಲಿ ಬೋಟಿನ ಕೆಲ್ಸ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ ಇದ್ದು ಟ್ರಾಲ್ ಬೋಟೆಲ್ಲ ಬಂದರಲ್ಲೇ ನಿಂತಿರ್ತವಲ್ಲ, ಆ 61 ದಿನದಲ್ಲೇ ಎಲ್ರಿಗೂ ರಿಪೇರಿ ನೆನಪಾಗೋದು, ಎಲ್ರಿಗೂ ಆಗಸ್ಟ್ ಒಂದಕ್ಕೇ ರೆಡಿ ಆಗ್ಬೇಕು. ಹಂಗೇ ಒಬ್ರು ತಾಂಡೇಲರು (ಬೋಟ್ ನಡೆಸೋವ್ರು) ಎರಡು ಬೋಟಿಗೆ ವಿಂಚ್ (ಬಲೆ ಎಳೆಯೋ ಯಂತ್ರ) ಕೂರಿಸೋ ಬೆಡ್ ಮಾಡ್ಕೊಡಿ ಅಂತ ಬಂದ್ರು. 12 ಎಂಎಂ ಪ್ಲೇಟು, 10 ಎಂಎಂ ಗಸೆಟ್ಟು (ಮೂಲೆಗೆ ಆಧಾರ ಕೊಡೋ ತುಂಡು), ಉದ್ದುದ್ದ ಫಿಲೆಟ್ಟು (ಎರಡು ಪ್ಲೇಟ್ ಸೇರೋ ಮೂಲೆಯಲ್ಲಿ ಹೊಡೆಯೋ ವೆಲ್ಡು).

ನನ್ ಹತ್ರ 400 ಆಂಪ್ ಮಿಗ್ ಮಷೀನ್ (ಗ್ಯಾಸಿನ ಮರೆಯಲ್ಲಿ ವೈರ್ ತಾನಾಗೇ ಬಂದು ಕರಗಿ ಬೆಸೆಯೋ ಮಷೀನು) ಮೊದ್ಲೇ ಇತ್ತು, ಆದ್ರೆ ನಾನು ಅದ್ರಲ್ಲಿ ಸಿಒಟು (ಕಾರ್ಬನ್ ಡೈಆಕ್ಸೈಡ್) ಗ್ಯಾಸ್ ಹಾಕಿ 0.8 ಎಂಎಂ ವೈರಲ್ಲಿ ಗ್ರಿಲ್ ಹೊಡೀತಿದ್ದವ, ಅಂದ್ರೆ ಮಷೀನಿನ ಅರ್ಧ ತಾಕತ್ತೂ ಬಳಸಿದವನಲ್ಲ. ಈ ಬೆಡ್ಡಿಗೆ 1.2 ಎಂಎಂ ಇಆರ್ 70 ಎಸ್-6 ಅನ್ನೋ ಸ್ಟೀಲ್ ವೈರ್ ಹಾಕಿದೆ, ವೈರ್ ತಳ್ಳೋ ಫೀಡರಿನ ರೋಲರನ್ನೂ 1.2ರ ವಿ ಗ್ರೂವಿಗೆ ತಿರುಗಿಸಿದೆ. ಸ್ಪ್ರೇ, ಅಂದ್ರೆ ಕರಗಿದ ವೈರ್ ಸಣ್ಣ ಸಣ್ಣ ಹನಿಯಾಗಿ ಜಾಯಿಂಟಿಗೆ ಹಾರೋದು, ಅದಕ್ಕೆ ಕರೆಂಟೂ ವೋಲ್ಟೇಜೂ ಜಾಸ್ತಿ ಕೊಟ್ರೆ ಸಾಕು ಅಂದ್ಕೊಂಡಿದ್ದೆ. 26 ವೋಲ್ಟ್, 28, 30, ಏರಿಸಿದ್ದೇ ಏರಿಸಿದ್ದು. ಬಂದದ್ದು ಎಂತ? ವೈರ್ ತುದಿಯಲ್ಲಿ ಬಟಾಣಿ ಥರ ಗುಂಡು ಕಟ್ಟೋದು, ಅದು ಅತ್ತಿತ್ತ ಅಲ್ಲಾಡಿ ಧಪ್ ಅಂತ ಬೀಳೋದು, ಸುತ್ತ ಎಲ್ಲ ಕಿಡಿ ಸಿಡಿಯೋದು. ಎರಡು ದಿವ್ಸ ಹಾಳು, ಸಿಡಿದು ಅಂಟಿದ ಸ್ಪ್ಯಾಟರ್ ಕೆತ್ತೋಕೆ ಹೆಲ್ಪರ್ ಹುಡುಗನಿಗೆ ಇನ್ನೊಂದು ದಿವ್ಸ.

ಆಮೇಲೆ ನಮ್ಮ ಓಣಿಯ ಒಬ್ರು ಮಾಮ, ಗೋವಾ ಕಡೆ ಹಡಗು ಕಟ್ಟೋ ಯಾರ್ಡಿನಲ್ಲಿ ತುಂಬಾ ವರ್ಷ ಕೆಲ್ಸ ಮಾಡಿ ಈಗ ಮನೇಲಿ ಇರೋವ್ರು, ಚಾ ಕುಡಿಯೋಕೆ ಬಂದವ್ರು ಸಿಲಿಂಡರ್ ನೋಡಿ ನಕ್ರು. "ಇದ್ರಲ್ಲಿ ನೀ ಆಗಸ್ಟ್ ತನಕ ತಿರುಗಿಸಿದ್ರೂ ಸ್ಪ್ರೇ ಬರೂದಿಲ್ಲ ಮಾರಾಯ, ಮೊದ್ಲು ಗ್ಯಾಸ್ ಬದ್ಲಾಯ್ಸು" ಅಂದ್ರು. ಅಲ್ಲಿಗೆ ನನ್ನ ಎರಡು ದಿವ್ಸದ ಲೆಕ್ಕ ಸರಿ ಹೋಯ್ತು. ಬರೀ ಸಿಒಟುನಲ್ಲಿ ಆರ್ಕ್ (ವೈರಿಗೂ ಪ್ಲೇಟಿಗೂ ನಡುವೆ ಉರಿಯೋ ಕರೆಂಟಿನ ಜ್ವಾಲೆ) ಗುಂಡಿನ ಕೆಳಗಡೆಯೇ ಕೂತು ಅದನ್ನ ಮೇಲೆ ತಳ್ತದೆ, ಅದಕ್ಕೇ ಗುಂಡು ದೊಡ್ಡದಾಗಿ ಅಡ್ಡಾದಿಡ್ಡಿ ಬೀಳೋದು. ಆರ್ಗಾನ್ ಜಾಸ್ತಿ ಇದ್ರೆ ಆರ್ಕ್ ವೈರಿನ ತುದಿಯನ್ನೇ ಸುತ್ಕೊಳ್ತದೆ, ಆಗ ಕರೆಂಟು ಒಂದು ಮಟ್ಟ ದಾಟಿದ ಕೂಡ್ಲೇ ವೈರ್ ತುದಿ ಪೆನ್ಸಿಲ್ ಥರ ಚೂಪಾಗಿ, ವೈರಿಗಿಂತ ಸಣ್ಣ ಹನಿಗಳು ಸಾಲಾಗಿ ಪಟ್ಟಂತ ಹಾರಿ ಇಳೀತವೆ.

ಅಂಗಡಿಯವ್ರು ಮೊದ್ಲು ಕೊಟ್ಟದ್ದು 80 ಆರ್ಗಾನ್ 20 ಸಿಒಟು ಮಿಕ್ಸ್. ಅದ್ರಲ್ಲಿ ಸ್ಪ್ರೇ ಬರೋದೇ ಇಲ್ಲ ಅಂತಲ್ಲ, ಆದ್ರೆ ಗಡಿ ಮೇಲೆ ನಿಂತಿರ್ತದೆ, ಕರೆಂಟ್ ತುಂಬಾ ಕೇಳ್ತದೆ, ಒಮ್ಮೆ ಬರ್ತದೆ ಒಮ್ಮೆ ಹೋಗ್ತದೆ. ಕೊನೆಗೆ 90 ಆರ್ಗಾನ್ 10 ಸಿಒಟು ಬೇಕು ಅಂತ ಹುಬ್ಬಳ್ಳಿಯಿಂದ ತರಿಸಿದೆ, ಅರಬೈಲ್ ಘಾಟ್ ಇಳಿದು ಮಳೆಯಲ್ಲಿ ಲಾರಿ ಬರೋಕೆ ಮೂರು ದಿವ್ಸ. ಹಳೇ ಸಿಒಟು ರೆಗ್ಯುಲೇಟರ್ ಅದಕ್ಕೆ ಕೂರಲಿಲ್ಲ, ಬೇರೆ ತಗೊಂಡೆ. ಸಿಒಟುಗೆ ಹಾಕೋ ಹೀಟರ್ ಇದಕ್ಕೆ ಬೇಡ, ಅದೊಂದು ಉಳಿತು. ಇನ್ನೊಂದು ವಿಷ್ಯ, ಸಿಒಟು ಸಿಲಿಂಡರಲ್ಲಿ ಒಳಗೆ ದ್ರವ ಇರೋದ್ರಿಂದ ಗೇಜ್ ಕೊನೇ ತನಕ ಒಂದೇ ತೋರಿಸಿ ಕೈ ಕೊಡ್ತದೆ, ಮಿಕ್ಸ್ ಗ್ಯಾಸಲ್ಲಿ ಹಂಗಿಲ್ಲ, ಮುಳ್ಳು ಇಳಿದಷ್ಟೇ ಗ್ಯಾಸ್ ಇಳಿದದ್ದು. 47 ಲೀಟರ್ ಸಿಲಿಂಡರ್ 150 ಬಾರ್ ತುಂಬಿದ್ರೆ ಹತ್ತಿರ ಹತ್ತಿರ 7,000 ಲೀಟರ್ ಗ್ಯಾಸು, ನಿಮಿಷಕ್ಕೆ 18 ಲೀಟರ್ ಬಿಟ್ರೆ ಆರ್ಕ್ ಉರಿಯೋ ಹೊತ್ತು ಆರೂವರೆ ತಾಸು. ಕೊಟೇಶನ್ ಕೊಡೋ ಮೊದ್ಲು ಈ ಲೆಕ್ಕ ಹಾಕ್ಕೊಳ್ಳಿ, ನಾನು ಹಾಕಿರ್ಲಿಲ್ಲ.

ಈಗ ಸೆಟ್ಟಿಂಗು. 12 ಎಂಎಂ ರದ್ದಿ ಪ್ಲೇಟ್ ತಗೊಂಡು ಕರಿ ಪದರ ಪೂರ್ತಿ ಗ್ರೈಂಡ್ ಮಾಡಿ ಬೆಳ್ಳಗೆ ಮಾಡ್ದೆ. ಟಾರ್ಚ್ (ವೈರ್ ಹೊರಗೆ ಬರೋ ಕೈಹಿಡಿ) ಪಾಸಿಟಿವ್ ಕಡೆಗೆ. ಅರ್ಥ್ ಕ್ಲ್ಯಾಂಪ್ ಸಡಿಲ ಇತ್ತು, ಅದನ್ನ ಬಿಟ್ಟು ನೇರ ಬೋಲ್ಟ್ ಹಾಕಿದೆ, ಇಷ್ಟು ಕರೆಂಟಲ್ಲಿ ಸಡಿಲ ಜಾಗದಲ್ಲೇ ವೋಲ್ಟೇಜ್ ಸೋರಿ ಹೋಗ್ತದೆ, ಮಷೀನ್ 28 ತೋರಿಸಿದ್ರೂ ಆರ್ಕಿಗೆ ಅಷ್ಟು ಸಿಗೂದಿಲ್ಲ. ಕಾಂಟ್ಯಾಕ್ಟ್ ಟಿಪ್ಪನ್ನ (ವೈರಿಗೆ ಕರೆಂಟ್ ಕೊಡೋ ತುದಿ) ನಾಝಲ್ (ಗ್ಯಾಸ್ ಬರೋ ಕೊಳವೆ) ಒಳಗೆ ಮೂರು ಎಂಎಂ ಹಿಂದೆ ಇಟ್ಟೆ, ವೈರ್ ಟಿಪ್ಪಿಂದ 18-20 ಎಂಎಂ ಹೊರಗೆ. ವೈರ್ ಸ್ಪೀಡ್ ನಿಮಿಷಕ್ಕೆ 9 ಮೀಟರ್ ಹತ್ರ ಇಟ್ಟಾಗ ಆಂಪ್ ಮೀಟರ್ 240-250 ತೋರಿಸ್ತಿತ್ತು, 1.2 ವೈರಿಗೆ 90-10 ಗ್ಯಾಸಲ್ಲಿ ಸ್ಪ್ರೇ ಹುಟ್ಟೋದು ಈ ಸುಮಾರಲ್ಲೇ. ವೋಲ್ಟೇಜ್ 24ರಲ್ಲಿ ಶುರು ಮಾಡಿದೆ, ಚಟಪಟ ಚಟಪಟ. ವೈರ್ ಸ್ಪೀಡ್ ಮುಟ್ಟದೆ ಅರ್ಧರ್ಧ ವೋಲ್ಟ್ ಏರಿಸ್ತಾ ಹೋದೆ. 26ರಲ್ಲಿ ಸದ್ದು ಒರಟಾಗೇ ಇತ್ತು, 27 ದಾಟಿದ ಮೇಲೆ ಒಂದು ಸಲ ಇಡೀ ಶೆಡ್ಡೇ ಸುಮ್ನಾದ ಹಾಗೆ, ಬರೀ ಸುಂಯ್ ಅಂತ ಒಂದೇ ಸದ್ದು. ಹುಡುಗ ಮಷೀನ್ ಕೆಟ್ಟೋಯ್ತು ಅಂತ ಓಡಿ ಬಂದ.

ಅಲ್ಲಿಂದ ಇನ್ನೂ ಏರಿಸಬೇಡಿ. ನಾನು ಖುಷಿಯಲ್ಲಿ 30ಕ್ಕೆ ಹೋದೆ, ಆರ್ಕ್ ಉದ್ದ ಆಗಿ ಬೀಡಿನ (ವೆಲ್ಡ್ ಸಾಲಿನ) ಅಂಚಲ್ಲಿ ಅಂಡರ್‌ಕಟ್, ಅಂದ್ರೆ ಪ್ಲೇಟ್ ಕೊರೆದ ಹಾಗೆ ಹಳ್ಳ, ಬಂತು, ಉಗುರಿಟ್ರೆ ಸಿಕ್ಕಿಕೊಳ್ತಿತ್ತು. ನಂಗೆ ಸರಿ ಬಂದದ್ದು ಹಿಂದೆ ಬಂದು, ಮಧ್ಯೆ ಮಧ್ಯೆ ಒಂದೊಂದು ಚಟ್ ಅನ್ನೋ ತನಕ ಇಳಿಸಿ, ಮತ್ತೆ ಕಾಲು ಅರ್ಧ ವೋಲ್ಟ್ ಮೇಲೆ ಬಿಡೋದು. 27.5 ಆಸುಪಾಸು ಬಂತು ನನ್ ಮಷೀನಲ್ಲಿ, ನಿಮ್ಮ ಕೇಬಲ್ ಉದ್ದ ಬೇರೆ ಇದ್ರೆ ನಿಮ್ಮ ನಂಬರೂ ಬೇರೆ. ಕಿವಿ ನಂಬಿ.

ನೋಡೋಕೆ ಚಂದ ಇದೆ ಅಂತ ನಾನು ಒಪ್ಕೊಳ್ಳಲಿಲ್ಲ. ಟಿ ಜಾಯಿಂಟಿಗೆ ಒಂದೇ ಬದಿ ಫಿಲೆಟ್ ಹೊಡೆದು, ವೈಸಿಗೆ ಕಚ್ಚಿಸಿ ಸುತ್ತಿಗೆಯಲ್ಲಿ ಮಡಚಿ ಮುರಿದೆ. ಮೊದಲನೇದ್ರಲ್ಲಿ ಬೇರಿನ ಮೂಲೆ (ಎರಡು ಪ್ಲೇಟ್ ಸೇರೋ ಒಳಮೂಲೆ) ಹಂಗೇ ಇತ್ತು, ಕರಗಿರ್ಲೇ ಇಲ್ಲ! ಆರ್ಗಾನ್ ಜಾಸ್ತಿ ಇರೋ ಗ್ಯಾಸಲ್ಲಿ ಸ್ಪ್ರೇ ಒಳಗೆ ಹೋಗೋದು ಬೆರಳು ಚುಚ್ಚಿದ ಹಾಗೆ, ನಡುವಲ್ಲಿ ಆಳ, ಆಚೀಚೆ ಅಷ್ಟಿಲ್ಲ. ವೈರನ್ನ ಮೂಲೆಗೆ ಸರಿಯಾಗಿ ಹಿಡೀದೆ ಎರಡು ಎಂಎಂ ಆಚೆ ಹಿಡಿದಿದ್ದೆ, ಬೆರಳು ಬೇರನ್ನ ಬಿಟ್ಟು ಪ್ಲೇಟಿಗೆ ಹೋಗಿತ್ತು. ಮೇಲಿಂದ ನೋಡಿದ್ರೆ ಫಸ್ಟ್ ಕ್ಲಾಸ್ ಬೀಡು. ಎರಡನೇದು ಸರಿ ಬಂತು.

ಟಾರ್ಚಿನ ಕಥೆ ಬೇರೆ. ನಂದು 24 ನಂಬರ್ ಟಾರ್ಚು, ಸಿಒಟುನಲ್ಲಿ 250 ಆಂಪಿಂದು, ಅದೇ ಮಿಕ್ಸ್ ಗ್ಯಾಸಲ್ಲಿ 220ಕ್ಕೆ ಇಳೀತದೆ ಅಂತ ಯಾರಿಗೆ ಗೊತ್ತಿತ್ತು. ಹತ್ತು ನಿಮಿಷದಲ್ಲಿ ಹಿಡಿಯೇ ಬಿಸಿ, ಟಿಪ್ಪು ಬಿಸಿಯಾಗಿ ವೈರ್ ಅಂಟಿ ಹಿಂದಕ್ಕೆ ಉರೀತು. ಇನ್ನೂ ದೊಡ್ಡ 36 ನಂಬರ್ ತಗೊಂಡೆ. ಕಣ್ಣಿಗೆ ಅಡ್ಡ ಹಿಡಿಯೋ ಕಪ್ಪು ಗ್ಲಾಸ್ ಕೂಡ 11 ನಂಬರಿಂದ 12ಕ್ಕೆ ಹೋದೆ, ಈ ಆರ್ಕ್ ತುಂಬಾ ಪ್ರಖರ, ಶರ್ಟಿನ ಮೇಲಿನ ಬಟನ್ ಹಾಕ್ದೆ ಕೂತ ದಿವ್ಸ ಕುತ್ತಿಗೆ ಸುಟ್ಟು ರಾತ್ರಿ ಮಲ್ಗೋಕಾಗ್ಲಿಲ್ಲ.

ನಮ್ಮ ಕಡೆ ದೊಡ್ಡ ಶತ್ರು ಗಾಳಿ. ಸಮುದ್ರದ ಕಡೆಯಿಂದ ಶಟರಿನ ಸಂದಿಯಲ್ಲಿ ಬೀಸಿದ್ರೆ ಸಾಕು, ಬೀಡಿನ ತುಂಬ ನೀರುದೋಸೆ ಥರ ತೂತು. ಗ್ಯಾಸ್ ನಿಮಿಷಕ್ಕೆ 25 ಲೀಟರಿಗೆ ಏರಿಸಿ ನೋಡಿದೆ, ಅದು ಇನ್ನೂ ಕೆಡ್ತು, ಜೋರಾಗಿ ಬಿಟ್ರೆ ಗ್ಯಾಸೇ ಸುಳಿ ತಿರುಗಿ ಹೊರಗಿನ ಗಾಳಿ ಎಳ್ಕೊಳ್ತದೆ. 18ಕ್ಕೇ ಇಟ್ಟು ಹಳೇ ತಾಡಪತ್ರಿ ಕಟ್ಟಿ ಫ್ಯಾನ್ ಬಂದ್ ಮಾಡ್ದೆ, ಸೆಖೆಗೆ ಸಾಯೋದೊಂದು ಬಾಕಿ. ವೈರೂ ಅಷ್ಟೇ, ಉಪ್ಪು ಗಾಳಿಯಲ್ಲಿ ಸ್ಪೂಲನ್ನ ಒಂದು ವಾರ ಮಷೀನಲ್ಲೇ ಬಿಟ್ರೆ ಮೇಲಿನ ಸುತ್ತು ಕೆಂಪು, ಫೀಡ್ ತಡವರಿಸ್ತದೆ, ಸ್ಪ್ರೇ ನಡುನಡುವೆ ಕಡೀತದೆ. ಈಗ ಸಂಜೆ ತೆಗೆದು ಬಲ್ಬ್ ಉರಿಯೋ ಪೆಟ್ಟಿಗೆಯಲ್ಲಿ ಇಡ್ತೇನೆ.

ಬೆಡ್ಡಿನ ಉದ್ದ ಫಿಲೆಟ್ಟೆಲ್ಲ ಜಾಬನ್ನ 45 ಡಿಗ್ರಿ ಓರೆ ಮಾಡಿ, ಮೂಲೆ ದೋಣಿಯ ತಳದ ಹಾಗೆ ಕೆಳಗೆ ಬರೋ ಥರ ಇಟ್ಟು, ಟಾರ್ಚನ್ನ ಮುಂದಕ್ಕೆ ತಳ್ತಾ ಹೊಡೆದೆ. ನಿಂತ ಜಾಯಿಂಟಿಗೆ ಸ್ಪ್ರೇ ಹೊಡೆದ್ರೆ ಕಬ್ಬಿಣ ಗಂಜಿ ಥರ ಕೆಳಗೆ ಜಾರ್ತದೆ, ತಿರುಗಿಸೋಕಾಗದ ನಾಲ್ಕು ಕಡೆ ಕೈ ವೆಲ್ಡಿಂಗಿನ 7018 ರಾಡಲ್ಲೇ ಮುಗಿಸಿದೆ. ಜುಲೈ ಕೊನೇ ವಾರ ಬೆಡ್ ಎರಡೂ ಬೋಟ್ ಏರಿದ್ವು, ಕೆತ್ತೋ ಕೆಲ್ಸ ಇಲ್ದೆ ಹುಡುಗ ಎರಡು ದಿವ್ಸ ರಜೆ ಕೇಳಿದ.

ಮೊನ್ನೆ ಒಬ್ರು ಕಿಟಕಿ ಗ್ರಿಲ್ಲಿಗೆ 2 ಎಂಎಂ ಪೈಪ್ ತಂದು, "ಅಣ್ಣ, ಆ ಸುಂಯ್ ಅನ್ನೂದ್ರಲ್ಲೇ ಮಾಡ್ಕೊಡಿ, ಕಿಡಿ ಬರೂದಿಲ್ವಂತೆ" ಅಂದ್ರು. ಒಂದು ತುಂಡು ಪೈಪಿಗೆ ಹೊಡೆದು ತೋರಿಸ್ದೆ, ಆರ್ಕ್ ಈ ಬದಿ ಮುಟ್ಟಿದ್ದೇ ಆ ಬದಿಯಿಂದ ಬೆಳಕು ಬಂತು. ಸಿಒಟು, 0.8 ವೈರು, ಮತ್ತೆ ಹಳೇ ಚಟಪಟ.