ಹಳೇ ಹಾಯಿದೋಣಿ ಟ್ರೇಲರ್ ಮತ್ತೆ ರಸ್ತೆಗೆ: ಕಡಿಮೆ ಖರ್ಚಿನಲ್ಲಿ ರಿಪೇರಿ, ನೋಂದಣಿ

ಹಾಯಿದೋಣಿ ಕೊಳ್ಳುವಾಗ ಎಲ್ಲರ ಕಣ್ಣೂ ದೋಣಿಯ ಮೇಲೇ ಇರುತ್ತದೆ. ಹಾಯಿ ಹರಿದಿದೆಯಾ, ಹಾಯಿಕಂಬ ನೆಟ್ಟಗಿದೆಯಾ, ತಳದಲ್ಲಿ ಬಿರುಕಿದೆಯಾ ಅಂತ ನೋಡುತ್ತೇವೆ. ಬಗ್ಗಿ ಕೆಳಗಿನ ಟ್ರೇಲರ್ ನೋಡುವವರು ಕಡಿಮೆ. ನಾನೂ ನೋಡಿರಲಿಲ್ಲ. ಮನೆಗೆ ತಂದ ಮೇಲೆ ಒಂದು ಚಕ್ರದ ನಡುವಿನ ಗುಂಬದ, ಅಂದರೆ ಹಬ್‌ನ, ಮುಚ್ಚಳವನ್ನು ಮೀಟಿ ತೆಗೆದೆ. ಗ್ರೀಸ್ ಇರಬೇಕಾದ ಜಾಗದಲ್ಲಿ ಹಾಲು ಕಲಸಿದಂಥ ಬೂದು ಲೋಳೆ ಇತ್ತು. ಚೂರು ತೆಗೆದು ಬೆರಳ ಮಧ್ಯೆ ಉಜ್ಜಿದರೆ ಮರಳಿನ ಹಾಗೆ ಕರಕರ ಅಂತು. ಅದು ಮರಳಲ್ಲ, ಬೇರಿಂಗ್‌ನಿಂದ ಸವೆದು ಉದುರಿದ ಉಕ್ಕಿನ ಪುಡಿ. ಅದೇ ಸ್ಥಿತಿಯಲ್ಲಿ ದೂರ ಹೊರಟಿದ್ದರೆ ದಾರಿಯಲ್ಲೇ ಚಕ್ರ ಕಳಚಬಹುದಿತ್ತು.

ಅವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಹಳೇ ಟ್ರೇಲರ್‌ಗೆ ಮೊದಲು ಕಾಗದ, ಆಮೇಲೆ ಚಕ್ರ, ಆಮೇಲೆ ದೀಪ. ಬಣ್ಣ ಕಟ್ಟಕಡೆಗೆ. ತುಂಬಾ ಜನ ಬಣ್ಣದಿಂದ ಶುರು ಮಾಡುತ್ತಾರೆ. ಕೈಯಲ್ಲಿದ್ದ ದುಡ್ಡು ಕಣ್ಣಿಗೆ ಕಾಣುವ ಕಡೆ ಹೋಗಿಬಿಡುತ್ತದೆ, ಜೀವ ಉಳಿಸುವ ಕಡೆಗೆ ಏನೂ ಉಳಿಯುವುದಿಲ್ಲ.

ಬ್ರಷ್ ಕೊಳ್ಳುವ ಮೊದಲು ಕಾಗದ

ದೋಣಿಯ ಕಾಗದ ಬೇರೆ, ಟ್ರೇಲರ್ ಕಾಗದ ಬೇರೆ. ದೋಣಿಯ ದಾಖಲೆ ಸರಿಯಾಗಿದೆ ಅಂದ ಮಾತ್ರಕ್ಕೆ ಟ್ರೇಲರ್ ನಿಮ್ಮದಾಗುವುದಿಲ್ಲ. ನಿಯಮವೂ ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಬ್ರಿಟನ್‌ನಲ್ಲಿ ಸಣ್ಣ ಖಾಸಗಿ ಟ್ರೇಲರ್‌ಗೆ ಪ್ರತ್ಯೇಕ ನೋಂದಣಿ ಬೇಡ, ಎಳೆಯುವ ಕಾರಿನ ನಂಬರನ್ನೇ ಹಿಂದೆ ಹಾಕಿದರೆ ಸಾಕು. ಆಸ್ಟ್ರೇಲಿಯಾದಲ್ಲಿ ಆಯಾ ರಾಜ್ಯದಲ್ಲಿ ನೋಂದಣಿ ಮಾಡಿಸಬೇಕು. ಅಮೆರಿಕದಲ್ಲಿ ಒಂದು ರಾಜ್ಯದ ನಿಯಮ ಪಕ್ಕದ ರಾಜ್ಯದಲ್ಲಿ ನಡೆಯುವುದಿಲ್ಲ. ಹಾಗಾಗಿ ಸ್ನೇಹಿತರ ಮಾತು ಕೇಳಿ ಸುಮ್ನೆ ಹೊರಡಬೇಡಿ. ನಿಮ್ಮ ಸಾರಿಗೆ ಕಚೇರಿಗೇ ಹೋಗಿ ಮೂರು ವಿಷಯ ಕೇಳಿ ಬರೆದುಕೊಳ್ಳಿ. ಯಾವ ಯಾವ ಕಾಗದ ಬೇಕು? ತೂಕದ ಚೀಟಿ ಬೇಕಾ? ತಪಾಸಣೆ ನೋಂದಣಿಗೆ ಮೊದಲೋ ಆಮೇಲೋ?

ಮುಂದಿನ ಕೆಲಸ ಚಾಸಿ ನಂಬರ್ ಹುಡುಕುವುದು. ಸಾಮಾನ್ಯವಾಗಿ ಇದು ಟ್ರೇಲರ್‌ನ ಮುಂಭಾಗದಲ್ಲಿ, ಕೊಂಡಿಯ ಹತ್ತಿರದ ಚೌಕಟ್ಟಿನ ಮೇಲೆ ಇರುತ್ತದೆ. ಕೆಲವದರಲ್ಲಿ ರಿವೆಟ್ ಹೊಡೆದ ತಗಡು, ಕೆಲವದರಲ್ಲಿ ಕಬ್ಬಿಣದ ಮೇಲೇ ಒತ್ತಿದ ಅಕ್ಷರ. ತುಕ್ಕಿನ ಕೆಳಗೆ ಅದು ಮಾಯವಾಗಿರುತ್ತದೆ. ಇಲ್ಲಿ ಗ್ರೈಂಡರ್ ಹಿಡಿಯಲೇಬೇಡಿ, ನಂಬರ್ ಶಾಶ್ವತವಾಗಿ ಅಳಿಸಿಹೋಗುತ್ತದೆ. ಕೈಯಲ್ಲಿ ತಂತಿ ಬ್ರಷ್ ಹಿಡಿದು ಮೆಲ್ಲಗೆ ಉಜ್ಜಿ. ಸೀಮೆಸುಣ್ಣ ಬಳಿದು ಒರೆಸಿದರೆ ಅಕ್ಷರದ ತಗ್ಗಿನಲ್ಲಿ ಬಿಳಿ ಉಳಿಯುತ್ತದೆ. ಕತ್ತಲಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. 1981ರ ನಂತರ ಅಮೆರಿಕದ ಮಾರುಕಟ್ಟೆಗೆ ತಯಾರಾದ ಟ್ರೇಲರ್ ಆದರೆ ನಂಬರ್‌ನಲ್ಲಿ 17 ಅಕ್ಷರ, ಅಂಕಿ ಇರುತ್ತವೆ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರ ಬರುವುದಿಲ್ಲ. ಓ ಕಂಡಂತೆ ಅನ್ನಿಸಿದರೆ ಅದು ಸೊನ್ನೆ ಅಂತ ತಿಳಿಯಿರಿ. ನಂಬರಿನ ಫೋಟೊ ತೆಗೆದಿಡಿ.

ಮಾರುವವರ ಹತ್ತಿರ ಹಳೇ ದಾಖಲೆ ಇಲ್ಲದಿದ್ದರೆ ಕನಿಷ್ಠ ಮಾರಾಟ ಪತ್ರವನ್ನಾದರೂ ಬರೆಸಿಕೊಳ್ಳಿ. ಇಬ್ಬರ ಹೆಸರು, ವಿಳಾಸ, ತಾರೀಕು, ಕೊಟ್ಟ ಮೊತ್ತ, ಚಾಸಿ ನಂಬರ್, ಸಹಿ ಇರಲಿ. ದೋಣಿಗೂ ಟ್ರೇಲರ್‌ಗೂ ಬೇರೆ ಬೇರೆ ಪತ್ರ ಮಾಡಿಸಿದರೆ ಮುಂದೆ ತಲೆನೋವು ಇರುವುದಿಲ್ಲ. ನಂಬರ್ ತುಕ್ಕು ಹಿಡಿದು ಹೋಗಿದ್ದರೆ ಅನೇಕ ಕಡೆ ಇಲಾಖೆಯವರು ಪರಿಶೀಲಿಸಿ ಹೊಸ ನಂಬರ್ ಕೊಡುತ್ತಾರೆ. ಆದರೆ ಯಾರೋ ಬೇಕಂತಲೇ ಕೆರೆದು ಅಳಿಸಿದ ಗುರುತು ಕಂಡರೆ ಆ ಟ್ರೇಲರ್ ಬಿಟ್ಟುಬಿಡಿ. ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಚೌಕಟ್ಟು ಗಟ್ಟಿ ಇದೆಯಾ?

ದೋಣಿ ಇಳಿಸಿ ಕೆಲಸ ಮಾಡಿದರೆ ಒಳ್ಳೆಯದು. ಆಗದಿದ್ದರೆ ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚಿ. ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಮರದ ದಿಮ್ಮಿ ಕೊಡಿ. ಜ್ಯಾಕ್ ಕೊಡಬೇಕಾದ್ದು ಚೌಕಟ್ಟಿಗೆ, ದೋಣಿಯ ತಳಕ್ಕಲ್ಲ. ಎತ್ತಿದ ಮೇಲೆ ಭಾರ ಸ್ಟ್ಯಾಂಡ್ ಮೇಲೆ ಕೂರಲಿ. ಬರೀ ಜ್ಯಾಕ್ ನಂಬಿ ಕೆಳಗೆ ನುಸುಳಬೇಡಿ.

ಈಗ ಸುತ್ತಿಗೆ ತೆಗೆದುಕೊಂಡು ಚೌಕಟ್ಟಿನ ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಒಳಗೆ ತಿಂದುಹೋದದ್ದು ದಪ್ ಅನ್ನುತ್ತದೆ. ದಪ್ ಅಂದ ಕಡೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸ್ಪ್ರಿಂಗ್ ಕೂರುವ ಬ್ರ್ಯಾಕೆಟ್ ಸುತ್ತ, ವೆಲ್ಡ್ ಅಂಚಿನಲ್ಲಿ, ಅಡ್ಡಪಟ್ಟಿಯ ತಗ್ಗಿನ ಭಾಗದಲ್ಲಿ ಜಾಸ್ತಿ ಗಮನ ಕೊಡಿ. ಪೊಳ್ಳು ಕೊಳವೆಯಂಥ ಚೌಕಟ್ಟಾದರೆ ನೀರು ಹೊರಹೋಗುವ ತೂತು ಮಣ್ಣಿನಿಂದ ಮುಚ್ಚಿರುತ್ತದೆ. ಅಲ್ಲಿಂದಲೇ ಒಳಗಿನ ತುಕ್ಕು ಶುರುವಾಗುವುದು. ತಂತಿ ಹಾಕಿ ಬಿಡಿಸಿ.

ಸ್ಕ್ರೂಡ್ರೈವರ್ ಒಳಗೆ ತೂರಿತು ಅಂದರೆ ಪುಟ್ಟಿ ತುಂಬಿ ಬಣ್ಣ ಹೊಡೆಯುವ ಯೋಚನೆ ಬೇಡ. ಅಲ್ಲಿ ಅನುಭವಿ ವೆಲ್ಡರ್ ಬೇಕು. ಸತು ಲೇಪಿಸಿದ ಟ್ರೇಲರ್ ಆದರೆ ವೆಲ್ಡ್ ಮಾಡುವ ಜಾಗದಲ್ಲಿ ಲೇಪ ತೆಗೆದಿರಬೇಕು, ಗಾಳಿ ಚೆನ್ನಾಗಿ ಆಡಬೇಕು. ಸತು ಉರಿದಾಗ ಬರುವ ಬಿಳಿ ಹೊಗೆ ಕುಡಿದರೆ ಜ್ವರ, ಚಳಿ ಹಿಡಿಯುತ್ತದೆ.

ಮೇಲ್ಮೈ ತುಕ್ಕಿಗೆ ಅಷ್ಟು ಭಯ ಬೇಡ. ತಂತಿ ಬ್ರಷ್‌ನಲ್ಲಿ ಉಜ್ಜಿ, ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸತು ಜಾಸ್ತಿ ಇರುವ ಪ್ರೈಮರ್ ಬಳಿಯಿರಿ. ಸ್ಪ್ರಿಂಗ್ ಹಿಡಿದಿಡುವ ಯು ಬೋಲ್ಟ್‌ಗಳನ್ನು ಮಾತ್ರ ಕಣ್ಣುಮುಚ್ಚಿ ಬದಲಿಸಿ. ಸಣ್ಣ ಖರ್ಚು, ಆದರೆ ಚಕ್ರಗಳ ಅಚ್ಚು ನಿಂತಿರುವುದೇ ಅವುಗಳ ಮೇಲೆ.

ಹಬ್ ಬಿಚ್ಚುವ ಕೆಲಸ

ಅರ್ಧ ದಿನ ಇಟ್ಟುಕೊಂಡು ನಿಧಾನವಾಗಿ ಮಾಡಬೇಕಾದ ಕೆಲಸ ಇದು. ನಿಮ್ಮ ಕೈಯಲ್ಲೇ ಮಾಡಿದರೆ ಅರ್ಧಕ್ಕರ್ಧ ದುಡ್ಡು ಉಳಿಯುವುದೂ ಇಲ್ಲೇ.

ಚಕ್ರ ನೆಲದ ಮೇಲಿದ್ದಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ. ಚಕ್ರ ತಿರುಗಿಸಿ ಕಿವಿಗೊಡಿ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಗರಗರ ಸದ್ದು ಬಂದರೂ, ಲಟಲಟ ಆಡಿದರೂ ಬೇರಿಂಗ್ ಹೋಗಿದೆ. ಸದ್ದಿಲ್ಲದಿದ್ದರೂ ಬಿಚ್ಚಿಯೇ ನೋಡಿ.

ಮುಚ್ಚಳ ತೆಗೆದರೆ ಒಂದು ಸೀಳುಪಿನ್, ಅದರ ಹಿಂದೆ ಕಿರೀಟದಂಥ ನಟ್ಟು, ವಾಷರ್, ಆಮೇಲೆ ಹೊರಗಿನ ಬೇರಿಂಗ್ ಬರುತ್ತವೆ. ಹಬ್ ಎಳೆದರೆ ಕೈಗೆ ಬರುತ್ತದೆ. ಅದರ ಹಿಂಬದಿಯ ಸೀಲ್ (ನೀರು ತಡೆಯುವ ಬಳೆ) ಮೀಟಿ ತೆಗೆದರೆ ಒಳಗಿನ ಬೇರಿಂಗ್. ಕಳಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಳ್ಳಿ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಬೆಳಕಿಗೆ ಹಿಡಿಯಿರಿ. ಉರುಳೆಗಳ ಮೇಲೆ ಸಣ್ಣ ಗುಳಿ, ನೀಲಿ ಬಣ್ಣ, ಗೀರು ಕಂಡರೆ ಬದಲಿಸಲೇಬೇಕು. ನೀಲಿ ಅಂದರೆ ವಿಪರೀತ ಬಿಸಿಯಾಗಿತ್ತು ಅಂತ ಅರ್ಥ. ಅಚ್ಚಿನ ತುದಿಯಲ್ಲಿ ಸೀಲ್ ಉಜ್ಜುವ ಜಾಗವನ್ನೂ ಉಗುರಿನಿಂದ ಸವರಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ ಹೊಸ ಸೀಲ್ ಹಾಕಿದರೂ ನೀರು ನುಗ್ಗುತ್ತದೆ.

ದುಡ್ಡು ಉಳಿಸುವ ಒಂದು ದಾರಿ ಇಲ್ಲಿದೆ. ಬೇರಿಂಗ್‌ನ ಅಂಚಿನಲ್ಲಿ ಅದರ ನಂಬರ್ ಕೊರೆದಿರುತ್ತದೆ. ಸಣ್ಣ ಟ್ರೇಲರ್‌ಗಳಲ್ಲಿ ಎಲ್44649 ಅನ್ನುವುದು ಬಹಳ ಸಾಮಾನ್ಯ, ಅದು ಕೂರುವ ಜೋಡಿ ಬಟ್ಟಲು (ಹಬ್ ಒಳಗಿನ ಉಕ್ಕಿನ ಬಳೆ) ಎಲ್44610. ಈ ನಂಬರ್ ಬರೆದುಕೊಂಡು ಮಾಮೂಲಿ ಬೇರಿಂಗ್ ಅಂಗಡಿಗೆ ಹೋಗಿ. ದೋಣಿ ಸಾಮಾನು ಅಂತ ಡಬ್ಬಿಯಲ್ಲಿ ಹಾಕಿ ಮಾರುವುದಕ್ಕಿಂತ ಅಲ್ಲಿ ಬೆಲೆ ಕಡಿಮೆ ಇರುತ್ತದೆ. ಅಗ್ಗ ಅಂತ ಹೆಸರಿಲ್ಲದ ಮಾಲು ಮಾತ್ರ ತರಬೇಡಿ.

ಹೊಸ ಬೇರಿಂಗ್ ಹಾಕಿದರೆ ಹಬ್ ಒಳಗಿನ ಬಟ್ಟಲನ್ನೂ ಬದಲಿಸಬೇಕು. ಅವೆರಡೂ ಜೋಡಿ. ಹಳೇ ಬಟ್ಟಲನ್ನು ಹಿತ್ತಾಳೆ ಪಂಚ್‌ನಿಂದ ಎರಡೂ ಕಡೆ ಸರದಿಯಲ್ಲಿ ಬಡಿದು ಹೊರತೆಗೆಯಿರಿ. ಹೊಸದನ್ನು ಕೂರಿಸುವಾಗ ಹಳೆಯದನ್ನೇ ಅದರ ಮೇಲಿಟ್ಟು ಬಡಿದರೆ ಸಮವಾಗಿ ಇಳಿಯುತ್ತದೆ. ಪೂರ್ತಿ ಕೂತಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ, ಕಿವಿಗೆ ತಟ್ಟನೆ ಗೊತ್ತಾಗುತ್ತದೆ.

ಗ್ರೀಸ್ ನೀರು ತಡೆಯುವ ಜಾತಿಯದ್ದೇ ಇರಲಿ. ಹಳೇ ಗ್ರೀಸ್ ಜೊತೆ ಬೆರೆಸಬೇಡಿ, ಎರಡು ಜಾತಿ ಸೇರಿದರೆ ತೆಳ್ಳಗಾಗಿ ಹರಿದುಹೋಗಬಹುದು. ಅಂಗೈಯಲ್ಲಿ ಒಂದು ಮುದ್ದೆ ಗ್ರೀಸ್ ಇಟ್ಟು, ಬೇರಿಂಗ್‌ನ ಅಗಲದ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ. ಇನ್ನೊಂದು ಅಂಚಿನಲ್ಲಿ ಉರುಳೆಗಳ ಸಂದಿಯಿಂದ ಗ್ರೀಸ್ ಸಣ್ಣ ಹುಳುಗಳ ಹಾಗೆ ಹೊರಬರಬೇಕು. ಸುತ್ತಲೂ ಹೀಗೆ ಬಂದರೆ ತುಂಬಿತು. ಮೇಲೆ ಸವರಿದರೆ ಸಾಲದು.

ಮತ್ತೆ ಜೋಡಿಸಿ, ಹಬ್ ತಿರುಗಿಸುತ್ತಲೇ ನಟ್ಟು ಬಿಗಿ ಮಾಡಿ. ಬೇರಿಂಗ್ ಸರಿಯಾಗಿ ಕೂತ ಮೇಲೆ ಪೂರ್ತಿ ಸಡಿಲಿಸಿ, ಈ ಸಲ ಬರೀ ಬೆರಳಿನಲ್ಲಿ ಬಿಗಿ ಮಾಡಿ. ಪಿನ್ ತೂತು ಸರಿಹೊಂದದಿದ್ದರೆ ಹತ್ತಿರದ ತೂತಿಗೆ ಬರುವಷ್ಟು ಹಿಂದಕ್ಕೆ ತಿರುಗಿಸಿ. ಹೊಸ ಸೀಳುಪಿನ್ ಹಾಕಿ, ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಹಾಕಬೇಡಿ. ಅತಿಯಾಗಿ ಬಿಗಿದ ಬೇರಿಂಗ್ ಬೇಗ ಸುಟ್ಟುಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ನೀರು ಒಳಗೆ ಹೋಗುವುದು ಹೇಗೆ ಅಂತ ಕೇಳಬಹುದು. ದೂರದಿಂದ ಬಂದ ಹಬ್ ಬಿಸಿಯಾಗಿರುತ್ತದೆ. ಒಳಗಿನ ಗಾಳಿ ಹಿಗ್ಗಿರುತ್ತದೆ. ಬಂದ ತಕ್ಷಣ ತಣ್ಣೀರಿಗೆ ಇಳಿಸಿದರೆ ಆ ಗಾಳಿ ಕುಗ್ಗಿ, ಸೀಲ್ ಸಂದಿಯಿಂದ ನೀರನ್ನು ಒಳಗೆ ಹೀರುತ್ತದೆ. ಆದ್ದರಿಂದ ದಡಕ್ಕೆ ಬಂದ ಮೇಲೆ ಮೊದಲು ಹಾಯಿಕಂಬ ಎತ್ತಿ, ಹಗ್ಗ ಸರಿಮಾಡಿ. ಅಷ್ಟರಲ್ಲಿ ಹಬ್ ತಣ್ಣಗಾಗಿರುತ್ತದೆ.

ಟೈರ್, ಬ್ರೇಕ್

ಟ್ರೇಲರ್ ಟೈರ್ ಸವೆದು ಸಾಯುವುದಿಲ್ಲ, ಬಿಸಿಲಿಗೆ ನಿಂತು ಮುದಿಯಾಗಿ ಸಾಯುತ್ತದೆ. ಹಲ್ಲು ಚೆನ್ನಾಗಿದೆ ಅಂತ ಮೋಸಹೋಗಬೇಡಿ. ಟೈರಿನ ಪಕ್ಕದ ಮೈಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ, ಪಕ್ಕದಲ್ಲಿ ಕೂದಲೆಳೆ ಬಿರುಕಿದ್ದರೆ ಹೊಸದು ಹಾಕಿ. ಇಲ್ಲಿ ಉಳಿತಾಯ ಮಾಡಬೇಡಿ. ಅಧಿಕ ತೂಕದ ಟ್ರೇಲರ್‌ಗೆ ಬ್ರೇಕ್ ಕಡ್ಡಾಯ. ಯುರೋಪಿನಲ್ಲಿ ಆ ಗೆರೆ 750 ಕಿಲೋ. ಹಿಡಿದುಹೋದ ಡ್ರಮ್ ಬ್ರೇಕ್‌ಗೆ ಬಿಡಿಭಾಗ ಒಂದೊಂದೇ ಕೊಳ್ಳುವುದಕ್ಕಿಂತ ಬ್ರೇಕ್ ಭಾಗಗಳನ್ನೆಲ್ಲ ಮೊದಲೇ ಜೋಡಿಸಿದ ಪ್ಲೇಟ್ ಎಷ್ಟೋ ಸಲ ಅಗ್ಗ.

ದೀಪ ಮಿಣುಕುವುದು ಯಾಕೆ?

ಇಂಡಿಕೇಟರ್ ಹಾಕಿದರೆ ಬ್ರೇಕ್ ದೀಪವೂ ಮಿಣುಕುತ್ತಿದೆಯಾ? ಅರ್ಥಿಂಗ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಸರಿಯಿಲ್ಲ. ಹಳೇ ಟ್ರೇಲರ್‌ಗಳಲ್ಲಿ ತುಕ್ಕು ಹಿಡಿದ ಚೌಕಟ್ಟನ್ನೇ ಅರ್ಥಿಂಗ್‌ಗೆ ಬಳಸಿರುತ್ತಾರೆ. ಪ್ಲಗ್‌ನಿಂದ ಪ್ರತಿಯೊಂದು ದೀಪಕ್ಕೂ ಪ್ರತ್ಯೇಕ ಬಿಳಿ ತಂತಿ ಎಳೆದರೆ ಮುಕ್ಕಾಲು ತೊಂದರೆ ಅಲ್ಲೇ ಮುಗಿಯುತ್ತದೆ. ಸಾಮಾನ್ಯವಾಗಿ ಹಳದಿ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಬಿಳಿ ಅರ್ಥಿಂಗ್. ಹಿಂದಿನ ಮಾಲೀಕರು ಯಾವುದನ್ನು ಎಲ್ಲಿ ಜೋಡಿಸಿದ್ದಾರೋ ಗೊತ್ತಿಲ್ಲ, ಮೀಟರ್ ಹಿಡಿದು ಖಚಿತ ಮಾಡಿಕೊಳ್ಳಿ. ಜೋಡಣೆಗೆ ಬರೀ ಟೇಪ್ ಸುತ್ತಬೇಡಿ. ಒಳಗಡೆ ಅಂಟು ಬಳಿದ, ಬಿಸಿಗೆ ಕುಗ್ಗುವ ಕೊಳವೆ ಹಾಕಿ. ಪೂರ್ತಿ ಮುಚ್ಚಿದ ಎಲ್‌ಇಡಿ ದೀಪ ಹಾಕಿದರೆ ನೀರಿಗೆ ಇಳಿಸುವಾಗ ಬಲ್ಬ್ ಒಡೆಯುವ ಭಯವಿಲ್ಲ.

ದೋಣಿ ಕೂರುವ ಜಾಗ

ಹಾಯಿದೋಣಿಯ ಟ್ರೇಲರ್ ಬೇರೆಯಾಗುವುದು ಇಲ್ಲಿ. ಆಳದ ಕೀಲ್ (ತಳದಿಂದ ಕೆಳಗೆ ಇಳಿದ ಭಾರದ ರೆಕ್ಕೆ) ಇರುವ ದೋಣಿಯ ಭಾರವೆಲ್ಲ ಕೀಲ್ ಮೇಲೆ ನಿಲ್ಲಬೇಕು. ಪಕ್ಕದ ಹಲಗೆಗಳು ವಾಲದಂತೆ ಹಿಡಿಯುವುದಕ್ಕೆ ಮಾತ್ರ. ಅವನ್ನೇ ಬಿಗಿದು ಭಾರ ಹೊರಿಸಿದರೆ ತಳ ಒಳಕ್ಕೆ ತಗ್ಗುತ್ತದೆ. ಕೊಳೆತ ಹಲಗೆ ತೆಗೆದು ಹೊಸದಕ್ಕೆ ಕಾರ್ಪೆಟ್ ಸುತ್ತಿ, ಸ್ಟೇನ್‌ಲೆಸ್ ಪಿನ್ ಹೊಡೆಯಿರಿ. ಅಲ್ಯೂಮಿನಿಯಂ ಟ್ರೇಲರ್ ಆದರೆ ತಾಮ್ರದ ಔಷಧಿ ಹಾಕಿದ ಮರ ಬೇಡ, ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ದೋಣಿಯನ್ನು ಟ್ರೇಲರ್ ಮೇಲೆ ಎಳೆಯುವ ರಾಟೆಯ, ಅಂದರೆ ವಿಂಚ್‌ನ, ಪಟ್ಟಿ ಅಂಚಿನಲ್ಲಿ ಹರಿದಿದ್ದರೆ ಬದಲಿಸಿ. ಅದರ ಜೊತೆ ದೋಣಿಯ ಮೂತಿಗೆ ಒಂದು ಬೇರೆ ಸರಪಳಿಯೂ ಇರಲಿ.

ತೂಕ, ತಪಾಸಣೆ, ನಂಬರ್ ಪ್ಲೇಟ್

ಇಲಾಖೆ ಕೇಳಿದರೆ ಬರೀ ಟ್ರೇಲರನ್ನು ವೇಬ್ರಿಡ್ಜ್‌ಗೆ ಹತ್ತಿಸಿ ಚೀಟಿ ಪಡೆಯಿರಿ. ದೋಣಿ ಸಮೇತ ಇನ್ನೊಂದು ಸಲ ತೂಗಿಸಿದರೆ ನಿಮಗೇ ಅನುಕೂಲ. ಕೊಂಡಿಯ ಮೇಲೆ ಬೀಳುವ ಭಾರ ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಇದ್ದರೆ ಒಳ್ಳೆಯದು. ಕಾರಿನ ಕೈಪಿಡಿಯ ಮಿತಿಯನ್ನು ಮೀರಬಾರದು. ಮುಂದೆ ಭಾರ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ, ಆಮೇಲೆ ಹಿಡಿತಕ್ಕೆ ಸಿಗುವುದಿಲ್ಲ. ವಿಂಚ್ ಕಂಬವನ್ನು ಹಿಂದೆ ಮುಂದೆ ಸರಿಸಿ ಹೊಂದಿಸಿ. ಕೊಂಡಿಯ ಅಳತೆಯನ್ನೂ ನೋಡಿ. ಟ್ರೇಲರ್‌ನ 50 ಮಿಲಿಮೀಟರ್ ಕೊಂಡಿ, ಅದು ಕೂರುವ ಕಾರಿನ ಹಿಂದಿನ 2 ಇಂಚಿನ ಗುಂಡು ಒಂದೇ ಅನ್ನಿಸುತ್ತವೆ. ಆದರೆ 2 ಇಂಚು ಅಂದರೆ 50.8 ಮಿಲಿಮೀಟರ್. ಆ ಕೂದಲಷ್ಟು ವ್ಯತ್ಯಾಸಕ್ಕೇ ಬೀಗ ಸರಿಯಾಗಿ ಕೂರದೆ ಹೋಗಬಹುದು.

ತಪಾಸಣೆಯಲ್ಲಿ ಮೊದಲು ನೋಡುವುದು ದೀಪ, ರಿಫ್ಲೆಕ್ಟರ್, ಟೈರ್, ಸುರಕ್ಷತಾ ಸರಪಳಿ, ಚಾಸಿ ನಂಬರ್. ಸರಪಳಿ ಎರಡಿದ್ದರೆ ಕೊಂಡಿಯ ಕೆಳಗೆ ಕತ್ತರಿಯ ಹಾಗೆ ಅಡ್ಡಡ್ಡ ಹಾಕಿ. ಕೊಂಡಿ ತಪ್ಪಿದರೂ ಮೂತಿ ನೆಲಕ್ಕೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ನಿಲ್ಲುತ್ತದೆ. ನಂಬರ್ ಪ್ಲೇಟಿನ ದೀಪವನ್ನು ಬಹಳ ಜನ ಮರೆಯುತ್ತಾರೆ. ಬಣ್ಣ ಹೊಡೆದಾಗ ಚಾಸಿ ನಂಬರ್ ಮುಚ್ಚಿಹೋಗಿದ್ದರೆ ಅಲ್ಲೇ ವಾಪಸ್ ಕಳಿಸುತ್ತಾರೆ. ಹೊರಡುವ ಮೊದಲು ಅದನ್ನು ಓದಲು ಬರುವಂತೆ ಮಾಡಿಕೊಳ್ಳಿ. ಹೊಸ ಭಾಗಗಳ ರಸೀದಿ, ರಿಪೇರಿಗೆ ಮೊದಲಿನ, ನಂತರದ ಫೋಟೊ ಒಂದೇ ಕಡತದಲ್ಲಿ ಒಯ್ಯಿರಿ. ಪ್ರಶ್ನೆ ಬಂದಾಗ ಬಾಯಿಮಾತಿಗಿಂತ ಅವು ಕೆಲಸಕ್ಕೆ ಬರುತ್ತವೆ.

ಪ್ಲೇಟ್ ಸಿಕ್ಕ ಮೇಲಿನ ಮೊದಲ ಓಡಾಟ ಸಣ್ಣದಿರಲಿ. ಹದಿನೈದು ಕಿಲೋಮೀಟರ್ ಹೋಗಿ ನಿಲ್ಲಿಸಿ, ಪ್ರತಿ ಹಬ್ ಹತ್ತಿರ ಕೈ ತಂದು ನೋಡಿ. ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅಲ್ಲಿ ನಟ್ಟು ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದಿದೆ. ಎಂಬತ್ತು ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಬಿಚ್ಚಿದ ಹಳೇ ಬೇರಿಂಗ್‌ಗಳಲ್ಲಿ ಗುಳಿ, ಗೀರಿಲ್ಲದ ಜೋಡಿ ಇದ್ದರೆ ಎಸೆಯಬೇಡಿ. ಗ್ರೀಸ್ ತುಂಬಿ, ಹೊಸ ಸೀಲ್, ಸೀಳುಪಿನ್ ಜೊತೆ ಒಂದು ಡಬ್ಬಿಯಲ್ಲಿ ಮುಚ್ಚಿ ಕಾರಿನಲ್ಲಿಡಿ. ದಾರಿ ಮಧ್ಯೆ ಹಬ್ ಕೈಕೊಟ್ಟರೆ ಜ್ಯಾಕ್ ಎತ್ತಿ ಅಲ್ಲೇ ಬದಲಿಸಬಹುದು.