ದರ್ಜಿ ಟೇಪು, ಹುರುಳಿ, ಮಗುವಿನ ಡೈಪರ್: ಕಡಿಮೆ ಖರ್ಚಿನಲ್ಲಿ ಕುದುರೆ ಸಾಕುವುದು ಹೇಗೆ?

ಸವಾರಿ ಸಿಗದ ದಿನವೂ ಕುದುರೆಗೆ ಹಸಿವಾಗುತ್ತದೆ. ಮೈಸೂರಿನಲ್ಲಿ ಟಾಂಗಾ ಹೊಡೆಯುವ ಯಾರನ್ನೇ ಮಾತನಾಡಿಸಿದರೂ ಸುತ್ತಿ ಬಳಸಿ ಬಂದು ನಿಲ್ಲುವುದು ಈ ಮಾತಿಗೇ. ಆಟೋ ನಿಂತಿದ್ದರೆ ಇಂಧನವಾದರೂ ಉಳಿಯುತ್ತದೆ, ಕುದುರೆ ನಿಂತಿದ್ದರೆ ಏನೂ ಉಳಿಯುವುದಿಲ್ಲ. ಊರ ಹೊರಗಿನ ತೋಟದಲ್ಲಿ ಆಸೆಗೆ ಒಂದು ಹೆಣ್ಣು ಕುದುರೆ ಕಟ್ಟಿಕೊಂಡಿರುವ ನನ್ನ ಪಾಡೂ ಅದೇ. ಮೊದಲ ವರ್ಷ ಗೊರಸಿಗೊಂದು ಎಣ್ಣೆ, ಅಯಾಲಿಗೊಂದು ಕ್ರೀಮು, ನೊಣಕ್ಕೊಂದು ಸ್ಪ್ರೇ, ಬೆವರಿಗೊಂದು ಪುಡಿ ಎಂದು ತಂದು ಜೋಡಿಸಿದೆ. ಒಂದು ದಿನ ಆ ಪುಡಿಯ ಪೊಟ್ಟಣ ತಿರುಗಿಸಿ ಓದಿದರೆ ಅದರಲ್ಲಿ ಬಹುಪಾಲು ಇದ್ದದ್ದು ಉಪ್ಪು ಮತ್ತು ಸಕ್ಕರೆ. ಅಂದಿನಿಂದ ಅಂಗಡಿಗೆ ಹೋಗುವ ಮೊದಲು ಅಡುಗೆಮನೆಯನ್ನೊಮ್ಮೆ ನೋಡುತ್ತೇನೆ. ಎಲ್ಲಿ ಉಳಿಸಬಹುದು, ಎಲ್ಲಿ ಕೂಡದು ಎಂಬುದನ್ನು ಒಂದೊಂದಾಗಿ ಬರೆಯುತ್ತೇನೆ.

ಮೊದಲು ತೂಕ ತಿಳಿಯಿರಿ

ಕುದುರೆಯ ಖರ್ಚಿನಲ್ಲಿ ದೊಡ್ಡ ಪಾಲು ಮೇವಿನದು. ಆದರೂ ನಮ್ಮಲ್ಲಿ ಹೆಚ್ಚಿನವರು ಮೇವು ಹಾಕುವುದು ಕಣ್ಣಳತೆಯಲ್ಲಿ. ತೂಕ ಗೊತ್ತಾದರೆ ಮೇವು, ಉಪ್ಪು, ಜಂತುಹುಳುವಿನ ಔಷಧ ಎಲ್ಲದರ ಲೆಕ್ಕವೂ ಸಿಗುತ್ತದೆ. ಅದಕ್ಕೆ ಲಾರಿ ತೂಗುವ ವೇಬ್ರಿಡ್ಜ್ ಬೇಕಿಲ್ಲ, ದರ್ಜಿಯ ಟೇಪು ಸಾಕು. ಟೇಪು ಸಾಮಾನ್ಯವಾಗಿ 150 ಸೆಂ.ಮೀ.ಗೆ ಮುಗಿದುಹೋಗುವುದರಿಂದ ಮೊದಲು ಸೆಣಬಿನ ದಾರದಿಂದ ಅಳೆದುಕೊಂಡು, ಆಮೇಲೆ ದಾರವನ್ನು ಟೇಪಿಗೆ ಹಿಡಿಯಿರಿ.

ಕುದುರೆಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ. ಮುಂಗಾಲುಗಳ ಹಿಂದುಗಡೆಯಿಂದ ಹೆಗಲ ದಿಬ್ಬದ ಮೇಲೆ ಹಾಯಿಸಿ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಅದು ಉಸಿರು ಬಿಟ್ಟಾಗ ಅಳೆಯಬೇಕು. ಬಳಿಕ ಭುಜದ ಮುಂದಿನ ಮೂಳೆಯ ತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, ಬಂದದ್ದನ್ನು 11,880ರಿಂದ ಭಾಗಿಸಿ. ಸುತ್ತಳತೆ 150, ಉದ್ದ 140 ಸೆಂ.ಮೀ. ಇರುವ ತಟ್ಟುವಿನ (ಗಿಡ್ಡ ಜಾತಿಯ ಕುದುರೆಯ) ತೂಕ ಸುಮಾರು 265 ಕೆ.ಜಿ. ಎಂದಾಗುತ್ತದೆ. ತಿಂಗಳಿಗೊಮ್ಮೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಕುದುರೆ ಇಳಿಯುತ್ತಿರುವುದು ಕಣ್ಣಿಗೆ ಕಾಣುವ ಮೊದಲೇ ಕ್ಯಾಲೆಂಡರಿಗೆ ಗೊತ್ತಾಗಿರುತ್ತದೆ.

ಹುಲ್ಲನ್ನು ತೂಗಿ ಹಾಕಿ

ಕುದುರೆಗೆ ದಿನಕ್ಕೆ ಅದರ ತೂಕದ ನೂರರಲ್ಲಿ ಎರಡು ಪಾಲಿನಷ್ಟು ಒಣ ಮೇವು ಬೇಕು. ಹುಲ್ಲೊಂದೇ ಒಂದೂವರೆ ಪಾಲಿಗಿಂತ ಕಡಿಮೆಯಾಗಬಾರದು. ನಮ್ಮ 265 ಕೆ.ಜಿ. ತಟ್ಟುವಿಗೆ ಐದು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಎಂದಾಯಿತು. ಹಸಿಹುಲ್ಲಾದರೆ ಅದರಲ್ಲಿ ಮುಕ್ಕಾಲು ಪಾಲಿಗೂ ಮೇಲೆ ನೀರೇ ಇರುತ್ತದೆ, ಹಾಗಾಗಿ ಇಪ್ಪತ್ತು ಕೆ.ಜಿ. ದಾಟುತ್ತದೆ. ಮಾರುವವರು ಹೊರೆ ಲೆಕ್ಕದಲ್ಲಿ ಕೊಡುತ್ತಾರೆ. ನೀವು ಪ್ರಯಾಣದ ಪೆಟ್ಟಿಗೆ ತೂಗುವ ಕೈ ತಕ್ಕಡಿಗೆ ಹೊರೆಯನ್ನು ನೇತುಹಾಕಿ ನೋಡಿ. ಮಳೆಯಲ್ಲಿ ನೆನೆದ ಹೊರೆಗೆ ನಾನು ಎಷ್ಟು ದಿನ ನೀರಿಗೆ ದುಡ್ಡು ಕೊಟ್ಟೆನೋ ಲೆಕ್ಕವಿಲ್ಲ.

ಒಣಹುಲ್ಲಿನಲ್ಲಿ ಭತ್ತದ್ದಕ್ಕಿಂತ ರಾಗಿಯದು ಮೇಲು. ಆದರೆ ಒಣಹುಲ್ಲೊಂದನ್ನೇ ನೆಚ್ಚಬೇಡಿ. ಗರಿಕೆಯನ್ನೋ ಬೇರೆ ಒಳ್ಳೆಯ ಹಸಿಹುಲ್ಲನ್ನೋ ಬೆರೆಸಿ ಕೊಡಿ. ಹಸುವಿಗೆ ಹಾಕುವುದೆಲ್ಲ ಕುದುರೆಗೆ ಆಗುವುದಿಲ್ಲ ಎಂಬುದೂ ನೆನಪಿರಲಿ. ಹಸಿರು ಜೋಳದ ಮೇವು ಕುದುರೆಯ ಮೂತ್ರಕೋಶವನ್ನೂ ಹಿಂಗಾಲಿನ ಬಲವನ್ನೂ ಕೆಡಿಸಬಲ್ಲದು. ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಮೈಗೆ ಹತ್ತಗೊಡದು. ಬೂಷ್ಟು ಹಿಡಿದ ಹುಲ್ಲು ಪುಕ್ಕಟೆ ಸಿಕ್ಕಿದರೂ ತರಬೇಡಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹಿಂದಿನಿಂದಲೇ ಹೊರಬರಬೇಕು.

ನೆಲಕ್ಕೆ ಎಸೆದ ಹುಲ್ಲು ಅರ್ಧ ತುಳಿತಕ್ಕೇ ಹೋಗುತ್ತದೆ. ಹಳೆಯ ವಾಲಿಬಾಲ್ ಬಲೆಯನ್ನೋ ಮೀನಿನ ಬಲೆಯನ್ನೋ ಚೀಲದಂತೆ ಹೊಲಿದು ಹುಲ್ಲು ತುಂಬಿ ಕಟ್ಟಿ. ಕಣ್ಣುಗಳು ಮೂರರಿಂದ ಐದು ಸೆಂ.ಮೀ. ಇದ್ದರೆ ತಿನ್ನುವುದೂ ನಿಧಾನವಾಗುತ್ತದೆ, ಬೇಸರವೂ ಕಳೆಯುತ್ತದೆ. ಬರಿದಾಗಿ ಜೋತುಬಿದ್ದಾಗಲೂ ಕಾಲು ಸಿಕ್ಕದಷ್ಟು ಎತ್ತರದಲ್ಲಿ ಕಟ್ಟಿ, ಲಾಳ ಹೊಡೆಸಿದ ಕುದುರೆಗಂತೂ ಇದು ಮುಖ್ಯ.

ಹುರುಳಿ, ಬೂಸ, ಮತ್ತು ಮನೆಯವರಿಗೆ ಸಾರು

ಬಣ್ಣದ ಚೀಲದ ಸಿದ್ಧ ಆಹಾರಕ್ಕೆ ಹೋಲಿಸಿದರೆ ನಮ್ಮ ಹುರುಳಿ ಯಾವುದರಲ್ಲೂ ಕಡಿಮೆಯಿಲ್ಲ, ಅದರಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಮೇಲೆ ಸಸಾರಜನಕ ಇದೆ. ಹಸಿಯಾಗಿ ಕೊಟ್ಟರೆ ಜೀರ್ಣಕ್ಕೆ ಅಡ್ಡಬರುವ ಅಂಶಗಳೂ ಇವೆ. ಆದ್ದರಿಂದ ಹೀಗೆ ಮಾಡಿ: ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕಾಳು ಬೆರಳ ನಡುವೆ ಹಿಸುಕಿದರೆ ಬೆಣ್ಣೆಯಂತಾಗುವವರೆಗೆ ಬೇಯಿಸಿ. ಬಸಿದ ಕಟ್ಟನ್ನು ಮನೆಯೊಳಗೆ ಕಳಿಸಿ. ನಮ್ಮ ಮನೆಯಲ್ಲಿ ಹುರುಳಿಕಟ್ಟಿನ ಸಾರಿನ ದಿನ ಯಾವುದು ಎಂಬುದನ್ನು ಈಗ ಕುದುರೆಯೇ ನಿರ್ಧರಿಸುತ್ತದೆ. ಆರಿದ ಕಾಳನ್ನು ಅಂದೇ ಮುಗಿಸಬೇಕು, ಹುಳಿ ಬಂದರೆ ಎಸೆಯಬೇಕು. ಕೆಲಸ ಹಗುರಾಗಿದ್ದರೆ ನಮ್ಮ ತಟ್ಟುವಿಗೆ ದಿನಕ್ಕೆ ಅರ್ಧದಿಂದ ಒಂದು ಕೆ.ಜಿ. ಒಣ ಹುರುಳಿ, ಎರಡು ಹೊತ್ತಿಗೆ ಹಂಚಿ. ಏನೇ ಬೆರೆಸಿದರೂ ಒಂದು ಹೊತ್ತಿನ ಕಾಳು, ಬೂಸ ಸೇರಿ ಒಂದೂಕಾಲು ಕೆ.ಜಿ. ದಾಟಬಾರದು. ಹೊಸ ಆಹಾರವನ್ನು ಏಳರಿಂದ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ.

ಅಗ್ಗವೆಂದು ಗೋಧಿ ಬೂಸವನ್ನೇ ಸುರಿಯುವವರಿಗೆ ಒಂದು ಎಚ್ಚರಿಕೆ. ಬೂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಸುಮಾರು ಹತ್ತು ಪಟ್ಟು ಹೆಚ್ಚು. ಕುದುರೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ, ಕ್ಯಾಲ್ಸಿಯಂ ಮುಂದಿರಬೇಕು. ಕೊರತೆಯನ್ನು ದೇಹ ಮೂಳೆಯಿಂದ ಕಿತ್ತು ತುಂಬಿಕೊಳ್ಳುತ್ತದೆ, ತಿಂಗಳುಗಳು ಕಳೆದಂತೆ ಮುಖದ ಎಲುಬು ಊದಿಕೊಳ್ಳುತ್ತದೆ, ಕಾಲು ಕುಂಟುತ್ತದೆ. ಬೂಸದ ಜೊತೆಗೆ ಕ್ಯಾಲ್ಸಿಯಂ ಹೆಚ್ಚಿರುವ ಕುದುರೆ ಮಸಾಲೆ ಸೊಪ್ಪು ಕೊಡಿ. ಮಸಾಲೆ ಎಂಬ ಹೆಸರಿಗೆ ಗಾಬರಿಯಾಗುವವರಿಗೆ: ಬೀಜದಂಗಡಿಯಲ್ಲಿ ಲೂಸರ್ನ್ ಎಂದು ಮಾರುವುದು ಇದನ್ನೇ. ನೀರಿರುವ ಜಾಗದಲ್ಲಿ ಒಮ್ಮೆ ಬಿತ್ತಿದರೆ ಮತ್ತೆ ಮತ್ತೆ ಕೊಯ್ಯಬಹುದು. ಸೊಪ್ಪಿಲ್ಲದಿದ್ದರೆ ಪಶು ಆಹಾರಕ್ಕೆಂದೇ ಮಾರುವ ಸುಣ್ಣಕಲ್ಲಿನ ಪುಡಿಯನ್ನು ವೈದ್ಯರು ಹೇಳಿದಷ್ಟು ಬೆರೆಸಿ. ಎಲೆಗೆ ಹಚ್ಚುವ ಸುಣ್ಣ ಬೇಡ, ಅದು ಸುಡುತ್ತದೆ.

ಇನ್ನೂ ದೊಡ್ಡ ಅಪಾಯವೆಂದರೆ ಕೋಳಿ ಮತ್ತು ದನದ ಸಿದ್ಧ ಆಹಾರ. ಅಂಥ ಕೆಲವದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಅವುಗಳಿಗೆ ಒಗ್ಗುತ್ತದೆ, ಕುದುರೆಯ ಹೃದಯವನ್ನು ನಿಲ್ಲಿಸುತ್ತದೆ. ಮದುವೆ ಮನೆಯ ಅನ್ನವನ್ನೂ ತರಬೇಡಿ. ದೇವಸ್ಥಾನದ ಹಳೆಯ ಹಾರಗಳನ್ನು ಭಕ್ತಿಯಿಂದ ಯಾರಾದರೂ ತಿನ್ನಿಸಲು ಬಂದರೆ ತಡೆಯಿರಿ. ಅದರಲ್ಲಿ ಕಣಗಿಲೆ ಇದ್ದರೆ ಸ್ವಲ್ಪವೇ ಸಾಕು, ಪ್ರಾಣ ಹೋಗುತ್ತದೆ. ಕ್ಯಾರೆಟ್ ಕೊಡುವುದಾದರೆ ಉದ್ದಕ್ಕೆ ಸೀಳಿ. ಬಿಲ್ಲೆಯಂತೆ ಹೆಚ್ಚಿದರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಉಪ್ಪು, ನೀರು

ಬೆವರಿನ ಪುಡಿಯ ಬದಲು ಮನೆಯ ಉಪ್ಪು ಸಾಕು. ಕೆಲಸವಿಲ್ಲದ ದಿನ ನೂರು ಕೆ.ಜಿ. ತೂಕಕ್ಕೆ ಒಂದು ಟೀ ಚಮಚ, ಬಿಸಿಲಲ್ಲಿ ಬೆವರಿದ ದಿನ ಅದರ ಎರಡು ಪಟ್ಟು, ಹುರುಳಿಗೆ ಬೆರೆಸಿ ಕೊಡಿ. ಪೊಟ್ಯಾಸಿಯಂ ಬೇಡವೇ ಎಂದು ಕೇಳಿದರೆ, ಅದು ಹುಲ್ಲಿನಲ್ಲೇ ಧಾರಾಳವಾಗಿದೆ. ಉಪ್ಪು ಕೊಟ್ಟ ಮೇಲೆ ನೀರು ಎದುರಿಗಿರಲೇಬೇಕು. ಕುದುರೆ ದಿನಕ್ಕೆ 25ರಿಂದ 50 ಲೀಟರ್ ಕುಡಿಯುತ್ತದೆ. ಬಕೆಟ್ ಉರುಳಿಸುವ ಚಟವಿದ್ದರೆ ಹಳೆಯ ಕಾರಿನ ಟೈರಿನೊಳಗೆ ಅದನ್ನು ಕೂರಿಸಿ.

ಗೊರಸಿಗೆ ಡೈಪರ್

ಈ ಉಪಾಯ ಕೇಳಿ ಮೊದಲು ನಾನೂ ನಕ್ಕಿದ್ದೆ. ಗೊರಸಿನೊಳಗೆ ಕೀವು ಕಟ್ಟಿದಾಗ ವೈದ್ಯರು ಅದನ್ನು ತೆರೆದು, ಕೆಲವು ದಿನ ಪಟ್ಟು ಹಾಕಿ ಎನ್ನುತ್ತಾರೆ. ಸಿದ್ಧ ಪಟ್ಟು ದುಬಾರಿ. ಒಂದು ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು, ಒಂದು ಹಿಡಿ ಎಪ್ಸಂ ಉಪ್ಪು (ಅಡುಗೆ ಉಪ್ಪಲ್ಲ, ಮೆಗ್ನೀಷಿಯಂ ಸಲ್ಫೇಟ್) ಹಾಕಿ ಗೊರಸನ್ನು ಹದಿನೈದು ನಿಮಿಷ ನೆನೆಸಿ, ಒರೆಸಿ. ಗೋಧಿ ಬೂಸ, ಎಪ್ಸಂ ಉಪ್ಪು, ಬಿಸಿನೀರು ಕಲಸಿ ಗಟ್ಟಿ ಮುದ್ದೆ ಮಾಡಿ, ಕೈಗೆ ಹಿತವಾಗುವಷ್ಟು ಆರಿದ ಮೇಲೆ ಅಂಗಾಲಿಗೆ ಮೆತ್ತಿ. ಅದರ ಮೇಲೆ ಮಗುವಿನ ಡೈಪರ್ ತೊಡಿಸಿ, ಅದರ ಅಂಟುಪಟ್ಟಿಗಳನ್ನು ಎಳೆದು ಕಟ್ಟಿ, ಅಡಿಯಲ್ಲಿ ಅಗಲವಾದ ಪ್ಲಾಸ್ಟಿಕ್ ಟೇಪನ್ನು ಅಡ್ಡ ಉದ್ದ ಅಂಟಿಸಿ. ಹೊರಗಡೆಗೆ ಹಳೆಯ ಟ್ಯೂಬಿನ ತುಂಡು. ಟೇಪು ಗೊರಸಿನ ಮೇಲಿನ ರೋಮದ ಅಂಚನ್ನು ಬಿಗಿಯಬಾರದು, ಹೊಸ ಗೊರಸು ಹುಟ್ಟುವುದು ಅಲ್ಲಿಂದಲೇ. ದಿನಕ್ಕೊಮ್ಮೆ ಬದಲಿಸಿ.

ದಿನವೂ ಗೊರಸು ಕೆರೆದು ಸ್ವಚ್ಛ ಮಾಡುವ ಕೊಕ್ಕೆಯನ್ನು ಮಾತ್ರ ಕೊಂಡೇ ತನ್ನಿ. ಅದಕ್ಕೆ ಹೆಚ್ಚು ಬೆಲೆಯಿಲ್ಲ, ಸ್ಕ್ರೂಡ್ರೈವರ್ ಜಾರಿದರೆ ಬೆಲೆ ಬಹಳ. ಅಂಗಾಲಿನ ನಡುವಿನ ಮೆತ್ತನೆಯ ಮುಕ್ಕೋನದ ಪಕ್ಕದಲ್ಲಿ ಕಪ್ಪು ಕೊಳೆ, ಕೆಟ್ಟ ವಾಸನೆ ಕಂಡರೆ ತೊಳೆದು, ಒಣಗಿಸಿ, ಮೆಡಿಕಲ್ ಅಂಗಡಿಯ ಪೊವಿಡೋನ್ ಅಯೋಡಿನ್ ಹಚ್ಚಿ. ಮುಖ್ಯವಾಗಿ ಲಾಯದ ನೆಲ ಒಣಗಿರಲಿ. ವಾಹನದ ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿ ಬಿಟ್ಟುಬಿಡಿ.

ನೊಣ, ಲದ್ದಿ

ನೊಣದ ಸ್ಪ್ರೇ ಖರ್ಚು ಅರ್ಧ ಇಳಿಯುವುದು ಸಲಿಕೆಯಿಂದ. ಬೆಚ್ಚಗಿನ ದಿನಗಳಲ್ಲಿ ಮನೆನೊಣ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಒಂದೂವರೆ ವಾರ ಸಾಕು, ಆದ್ದರಿಂದ ಲದ್ದಿಯನ್ನು ದಿನವೂ ಎತ್ತಿ ದೂರದ ಗುಂಡಿಗೆ ಹಾಕಿ ಮುಚ್ಚಿ. ಕೊಳೆತ ಲದ್ದಿ ಗೊಬ್ಬರಕ್ಕೆ ಗುಲಾಬಿ ಬೆಳೆಯುವವರು ತಾವಾಗಿ ಬರುತ್ತಾರೆ. ನನ್ನ ಉಪ್ಪಿನ ಖರ್ಚು ಅಲ್ಲಿಂದಲೇ ಹೊರಡುತ್ತದೆ. ಲಾಯಕ್ಕೆ ಒಂದು ಹಳೆಯ ಫ್ಯಾನ್ ಎತ್ತರದಲ್ಲಿ ಕಟ್ಟಿ, ವೈರು ಬಾಯಿಗೆ ಸಿಗದಂತೆ. ಕಚ್ಚುವ ಸಣ್ಣ ಕೀಟಗಳು ಗಾಳಿಯಲ್ಲಿ ನಿಲ್ಲಲಾರವು. ಹತ್ತಿ ಸೀರೆಯ ಅಂಚನ್ನು ಪಟ್ಟಿಗಳಾಗಿ ಸೀಳಿ ಹಣೆಪಟ್ಟಿಗೆ ಜೂಲಿನಂತೆ ಕಟ್ಟಿದರೆ ಕಣ್ಣಿನ ಸುತ್ತ ನೊಣ ಕೂರುವುದಿಲ್ಲ. ಬೇವಿನ ಎಣ್ಣೆ ಬಳಸುವವರು ಬಹಳ ತೆಳುವಾಗಿಸಿ, ಅಂಗೈಯಗಲ ಜಾಗದಲ್ಲಿ ಹಚ್ಚಿ ಒಂದು ದಿನ ಕಾದು ನೋಡಿ. ಸೀಮೆಎಣ್ಣೆ, ಫಿನಾಯಿಲ್ ಮೈಗೆ ತಾಗಬಾರದು. ಹೊಗೆ ಹಾಕುವುದರಿಂದ ನೊಣಕ್ಕಿಂತ ಮೊದಲು ಕುದುರೆಯ ಶ್ವಾಸಕೋಶವೇ ಸೋಲುತ್ತದೆ.

ಮೈ ತಿಕ್ಕಲು ಗೋಣಿಚೀಲದ ತುಂಡು, ತೆಂಗಿನ ನಾರಿನ ಬ್ರಷ್ ಸಾಕು. ಬಾಲದ ಸಿಕ್ಕಿಗೆ ಎರಡು ಹನಿ ಕೊಬ್ಬರಿ ಎಣ್ಣೆ. ಹಿತ್ತಾಳೆಯ ಬಿಲ್ಲೆಗಳಿಗೆ ಹುಣಸೆಹಣ್ಣು, ಬಾಯೊಳಗೆ ಹೋಗುವ ಕಡಿವಾಣಕ್ಕೆ ಬರೀ ಬಿಸಿನೀರು. ಚರ್ಮದ ಪಟ್ಟಿಗಳನ್ನು ಗ್ಲಿಸರಿನ್ ಸೋಪಿನಲ್ಲಿ ಒರೆಸಿ, ಮಳೆಗಾಲದಲ್ಲಿ ಬೂಷ್ಟು ಕಂಡರೆ ವಿನೆಗರ್ ಮತ್ತು ನೀರು ಸಮಸಮ. ಹೆಗಲಪಟ್ಟಿ ಉಜ್ಜಿ ಗಾಯವಾಗುವ ಕಡೆ ಹಳೆಯ ಕಂಬಳಿಯನ್ನು ಮಡಿಸಿ, ಗಂಟಿಲ್ಲದಂತೆ ಹೊಲಿದು ಇಡಿ.

ಕೈ ಹಿಡಿಯಬಾರದ ಖರ್ಚು

ಲಾಳದ ಕೆಲಸ ಆರರಿಂದ ಎಂಟು ವಾರಕ್ಕೊಮ್ಮೆ ಆಗಲೇಬೇಕು. ವರ್ಷಕ್ಕೊಮ್ಮೆ ಹಲ್ಲಿನ ತಪಾಸಣೆ, ಜೊತೆಗೆ ಧನುರ್ವಾಯು ಚುಚ್ಚುಮದ್ದು. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಬೇಗ ತುತ್ತಾಗುವುದು ಬೇರೊಂದಿಲ್ಲ. ಗಾಯವಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ ತೊಳೆಯಿರಿ. ಕಾಫಿಪುಡಿ, ಅರಿಶಿನ ತುಂಬಬೇಡಿ, ವೈದ್ಯರಿಗೆ ಗಾಯದ ಆಳ ಕಾಣಬೇಕು. ಜಂತುಹುಳುವಿನ ಔಷಧವನ್ನು ಕ್ಯಾಲೆಂಡರ್ ನೋಡಿ ಕುಡಿಸುವ ಬದಲು ಪಶು ಆಸ್ಪತ್ರೆಯಲ್ಲಿ ಲದ್ದಿ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಔಷಧವೇ ಬೇಕಾಗಿರುವುದಿಲ್ಲ.

ಹೊಟ್ಟೆಶೂಲೆ ಬಂದಾಗ ಮಾತ್ರ ಮನೆಮದ್ದಿನ ಯೋಚನೆಯೇ ಬೇಡ. ಗೊಟ್ಟದಲ್ಲಿ ಹರಳೆಣ್ಣೆ, ಶುಂಠಿ ಕಷಾಯ ಸುರಿಯುವ ಅಭ್ಯಾಸ ದನಗಳಿಂದ ಬಂದದ್ದು. ಕುದುರೆಯಲ್ಲಿ ಅದು ಶ್ವಾಸಕೋಶಕ್ಕೆ ಇಳಿದರೆ ಶೂಲೆಯ ಮೇಲೆ ನ್ಯುಮೋನಿಯಾ. ಮುಂದಿದ್ದ ಮೇವು ತೆಗೆದಿಟ್ಟು ಪಶುವೈದ್ಯರಿಗೋ 1962 ಸಹಾಯವಾಣಿಗೋ ಕರೆ ಮಾಡಿ. ಅವರು ಬರುವಷ್ಟರಲ್ಲಿ ಮನೆಯ ಡಿಜಿಟಲ್ ಥರ್ಮಾಮೀಟರಿಗೆ ಒಂದು ದಾರ ಕಟ್ಟಿ ಗುದದ್ವಾರದಲ್ಲಿ ಜ್ವರ ನೋಡಿ, ಆಮೇಲೆ ಅದನ್ನು ಕುದುರೆಗೇ ಮೀಸಲಿಡಿ. ಸಾಮಾನ್ಯವಾಗಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರಬೇಕು. ದವಡೆಯ ಕೆಳಗೆ ನಾಡಿ ಹಿಡಿದು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಸರಿ. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ಎರಡು ಸೆಕೆಂಡಿನೊಳಗೆ ಮರಳಬೇಕು. ಇವನ್ನೆಲ್ಲ, ಜೊತೆಗೆ ಕೊನೆಯ ಸಲ ಲದ್ದಿ ಹಾಕಿದ್ದು ಎಷ್ಟು ಹೊತ್ತಿಗೆ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವೈದ್ಯರು ಫೋನಿನಲ್ಲಿ ಮೊದಲು ಕೇಳುವುದು ಇವನ್ನೇ.