ಹಾಸನದ ಪಿನ್‌ಕೋಡನ್ನು ಕೈಯಲ್ಲೇ ಬಿಡಿಸುವುದು ಹೇಗೆ

573201. ಹಾಸನದ ಹೆಡ್ ಪೋಸ್ಟ್ ಆಫೀಸಿನ ಪಿನ್‌ಕೋಡ್. ಇದನ್ನು ಸುಮ್ನೆ ಒಂದು ದೊಡ್ಡ ಸಂಖ್ಯೆ ಅಂತ ಹಿಡಿದು ಒಳಗೇನಿದೆ, ಅಂದರೆ ಯಾವ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ ಇದು ಬರುತ್ತದೆ ನೋಡೋಣ. ಪೆನ್ನು, ಹಾಳೆ ಸಾಕು. ಫೋನಿನ ಕ್ಯಾಲ್ಕುಲೇಟರ್ ತೆಗೆದರೂ ಯಾರೂ ಬೈಯಲ್ಲ.

ಮೊದಲು ಅಂಕಿಗಳನ್ನು ಕೂಡಿ. ಮೊತ್ತ 18, ಅದಕ್ಕೆ 9 ಹೋಗುತ್ತದೆ, ಹಾಗಾಗಿ ಇಡೀ ಸಂಖ್ಯೆಗೂ ಹೋಗುತ್ತದೆ. ಭಾಗಿಸಿದರೆ 63689. ಇದರ ಅಂಕಿಗಳ ಮೊತ್ತ 32, ಅಲ್ಲಿಗೆ 3ರ ಕಥೆ ಮುಗಿಯಿತು. ಕೊನೆಯಲ್ಲಿ 9 ಇರುವುದರಿಂದ 2, 5 ಕೂಡ ಇಲ್ಲ.

7, 11, 13ಕ್ಕೆ ಬೇರೆ ಬೇರೆ ಭಾಗಿಸಬೇಡಿ. ಮೂರನ್ನೂ ಗುಣಿಸಿದರೆ 1001 ಬರುತ್ತದಲ್ವಾ, ಅದರಿಂದ ಒಂದು ಸುಲಭದ ದಾರಿ ಇದೆ: ಕೊನೆಯ ಮೂರು ಅಂಕಿಯಿಂದ ಅದರ ಹಿಂದಿರುವುದನ್ನು ಕಳೆಯಿರಿ. 689 − 63 = 626. ಇದಕ್ಕೆ ಮೂರರಲ್ಲಿ ಯಾವುದೂ ಹೋಗಲ್ಲ, ಆದ್ದರಿಂದ 63689ಕ್ಕೂ ಹೋಗಲ್ಲ.

ಇನ್ನು 17ರಿಂದ ಮುಂದೆ ಬೇಜಾರಿನ ಕೆಲಸ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರಬೇಕು, ಅಷ್ಟೇ. 253ರ ವರ್ಗ 64009, ನಮ್ಮ ಸಂಖ್ಯೆಗಿಂತ ಜಾಸ್ತಿ. ಅಂದರೆ ಇದು ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಚಿಕ್ಕದು 252 ದಾಟಲ್ಲ. 251ರ ತನಕ ಅವಿಭಾಜ್ಯ ಸಂಖ್ಯೆಗಳನ್ನು ಮಾತ್ರ ನೋಡಿ, 48 ಭಾಗಾಕಾರ. ಬೇಲೂರಿನ ಬಸ್ಸಿನಲ್ಲಿ ಸೀಟು ಸಿಕ್ಕರೆ ಊರು ಬರುವಷ್ಟರಲ್ಲಿ ಮುಗಿಸಬಹುದು. 19ಕ್ಕೆ ಶೇಷ 1, 193ಕ್ಕೆ ಒಂದೇ ಒಂದು ಸಾಲದು, ಆದರೆ ಕೊನೆಗೂ ಯಾವುದೂ ಹೋಗಲ್ಲ. 63689 ಅವಿಭಾಜ್ಯ. 573201 = 3 × 3 × 63689.

ನನಗೆ ಇಷ್ಟವಾದ್ದು ಇದರ ಮುಂದಿನದು. 63689ನ್ನು 4ರಿಂದ ಭಾಗಿಸಿದರೆ ಶೇಷ 1. ಇಂಥ ಅವಿಭಾಜ್ಯ ಸಂಖ್ಯೆ ಎರಡು ವರ್ಗಗಳ ಮೊತ್ತ ಆಗಲೇಬೇಕು ಅಂತ 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ಹೇಳಿದ್ದ, ಆಮೇಲೆ ಇನ್ನೊಬ್ಬ ಗಣಿತಜ್ಞ ಆಯ್ಲರ್ ಸಾಧಿಸಿ ತೋರಿಸಿದ. ಯಾವ ಎರಡು ಅಂತ ನಾವೇ ಹುಡುಕಬೇಕು. ವರ್ಗಗಳ ಕೊನೆಯ ಅಂಕಿ 0, 1, 4, 5, 6, 9 ಮಾತ್ರ. ಮೊತ್ತ 9ರಲ್ಲಿ ಮುಗಿಯಬೇಕಾದರೆ 0 ಮತ್ತು 9, ಇಲ್ಲವೇ 4 ಮತ್ತು 5. ಹಾಗಾಗಿ ಒಂದು ಸಂಖ್ಯೆ 5ರ ಮಗ್ಗಿಯಲ್ಲೇ ಇದೆ. ಆ ಮಗ್ಗಿಯ ಒಂದೊಂದರ ವರ್ಗವನ್ನೂ ಕಳೆದು ನೋಡುತ್ತಾ ಹೋಗಿ. 235ರ ವರ್ಗ 55225, ಉಳಿದದ್ದು 8464, ಅದು 92ರ ವರ್ಗ! ಎರಡನ್ನೂ 3ರಿಂದ ಗುಣಿಸಿದರೆ ಹಾಸನ ಸಿಕ್ಕಿತು: 705ರ ವರ್ಗ, 276ರ ವರ್ಗ, ಕೂಡಿದರೆ 573201.

ಚಿಕ್ಕಮಗಳೂರಿನ 577101ಕ್ಕೆ ಹೀಗೆ ಹುಡುಕಬೇಡಿ, ಸಿಗಲ್ಲ. ಅಂಕಿಗಳ ಮೊತ್ತ 21, 3 ಹೋಗುತ್ತದೆ, 9 ಹೋಗಲ್ಲ. ಯಾವ ವರ್ಗವನ್ನು 3ರಿಂದ ಭಾಗಿಸಿದರೂ ಶೇಷ 0 ಅಥವಾ 1. ಎರಡು ವರ್ಗ ಕೂಡಿ 3ಕ್ಕೆ ಸರಿಯಾಗಬೇಕಾದರೆ ಎರಡೂ 3ರ ಮಗ್ಗಿಯವೇ ಆಗಿರಬೇಕು, ಆಗ ಮೊತ್ತಕ್ಕೆ 9 ಹೋಗಲೇಬೇಕಿತ್ತು. ಬಿಡಿಸುವುದು ಮಾತ್ರ ಸುಲಭ: ಇಲ್ಲಿ ಹಿಂದಿನದೇ ದೊಡ್ಡದು, ತಿರುಗಿಸಿ ಕಳೆದರೂ ನಡೆಯುತ್ತದೆ. 577 − 101 = 476, ಇದಕ್ಕೆ 7 ಹೋಗುತ್ತದೆ, ಆದ್ದರಿಂದ 3 × 7 × 27481. ಈ 27481 ಅವಿಭಾಜ್ಯವೇ ಅಂತ ನೋಡಲು 163ರ ತನಕ ಹೋದರೆ ಸಾಕು.